ಮನೆಯ ಕ್ರೀಮರ್: ಆಕ್ಷೇಪಗಳಿಗೆ ಉತ್ತರ

ಗೋವಾದ ಕುಂಕಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಪಾಳಿಯ ಕೆಲಸಕ್ಕೆ ಹೋಗುವವರಿಗೆ ಮುಂಜಾನೆಯ ಕಾಫಿ ಬೇಗ ಆಗಬೇಕು. ಅಂಥ ಕನ್ನಡದ ಮನೆಗಳಿಗೆ ನನ್ನ ಸಲಹೆ ಇಷ್ಟು: ಹಾಲು ಬತ್ತಿಸಿ, ಏಲಕ್ಕಿಯ ಘಮ ಕೂಡಿಸಿದ ಕ್ರೀಮರನ್ನು ಮನೆಯಲ್ಲೇ ಮಾಡಿ ಫ್ರಿಜ್ಜಿನಲ್ಲಿಡಿ. ಇದನ್ನು ಒಪ್ಪದವರ ಮಾತುಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

1. “ಕಾಫಿಗೆ ಕಾಫಿಯ ಘಮವೇ ಸಾಕು, ಬೇರೆ ಪರಿಮಳ ಅಪಚಾರ.”

ನಮ್ಮ ಫಿಲ್ಟರ್ ಕಾಫಿಗೆ ಚಿಕೋರಿ ಬೆರೆಸುವುದನ್ನು ಯಾರೂ ಅಪಚಾರ ಎನ್ನುವುದಿಲ್ಲ. ಮಲೆನಾಡಿನಲ್ಲಿ ಬೆಲ್ಲದ ಕಾಫಿ ಹಳೆಯ ರೂಢಿ. ಬಾಬಾ ಬುಡನ್ ಯೆಮನ್ನಿನಿಂದ ಕಾಫಿ ಬೀಜ ತಂದರೆಂಬುದು ನಮ್ಮ ಪ್ರತೀತಿ. ಆ ಅರಬ್ ನಾಡುಗಳಲ್ಲೇ ಕಾಫಿಗೆ ಏಲಕ್ಕಿ ಹಾಕುತ್ತಾರೆ. ಕೊಡಗಿನ ತೋಟಗಳಲ್ಲಿ ಒಂದೇ ನೆರಳಿನಡಿ ಬೆಳೆಯುವ ಕಾಫಿ ಮತ್ತು ಏಲಕ್ಕಿ ಲೋಟದಲ್ಲಿ ಕೂಡಿದರೆ ತಪ್ಪೇನು?

2. “ಅಂಗಡಿಯಲ್ಲಿ ಪುಡಿ ಸಿಗುವಾಗ ಈ ಪಾಡೇಕೆ?”

ಕ್ರೀಮರ್ ಪುಡಿಯ ಪೊಟ್ಟಣದ ಹಿಂಬದಿ ಓದಿ. 1961ರಲ್ಲಿ ಅಮೆರಿಕದ ಕಾರ್ನೇಷನ್ ಕಂಪನಿ ‘ಕಾಫಿ-ಮೇಟ್’ ತಂದ ಮೇಲೆ ಮನೆಮಾತಾದ ಈ ಬಗೆಯ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಗ್ಲೂಕೋಸ್ ಸಿರಪ್ಪಿನ ಪುಡಿ, ಸಸ್ಯಜನ್ಯ ಕೊಬ್ಬು ಮತ್ತು ಸೋಡಿಯಂ ಕೇಸಿನೇಟ್. ಅದನ್ನು ವಿಷವೆಂದು ನಾನು ಹೇಳುವುದಿಲ್ಲ. ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ 2022ರಿಂದ ನಮ್ಮಲ್ಲಿ ಜಾರಿಯಲ್ಲಿದೆ. ಆದರೆ ಬೀದಿಯ ಅಂಗಡಿಯಲ್ಲೇ ಹಾಲು ಸಿಗುವ ಊರಿನಲ್ಲಿ ಹಾಲಿನಂತೆ ಕಾಣುವ ಪುಡಿಗೆ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಪಾಡು ಎಂಬುದೂ ಅಷ್ಟೇನಿಲ್ಲ. ಅರ್ಧ ಲೀಟರ್ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಸುಮಾರು 300 ಮಿಲಿಲೀಟರಿಗೆ ಬತ್ತಿಸಿ. ಕೊನೆಗೆ ಎರಡು-ಮೂರು ಚಮಚ ಸಕ್ಕರೆ, ಜಜ್ಜಿದ ನಾಲ್ಕು ಏಲಕ್ಕಿ ಹಾಕಿ, ಮುಚ್ಚಿಟ್ಟು, ಆರಿದ ಮೇಲೆ ಸೋಸಿ. ಬೇಕಾದರೆ ಚಿಟಿಕೆ ಜಾಯಿಕಾಯಿ ತೇಯ್ದು ಹಾಕಿ.

3. “ಬೆಲ್ಲ ಹಾಕಿದರೆ ಒಡೆಯುತ್ತದೆ.”

ಕುದಿಯುವ ಹಾಲಿಗೆ ಹಾಕಿದರೆ ಒಡೆಯುವುದುಂಟು. ಬೆಲ್ಲದಲ್ಲಿ ತುಸು ಹುಳಿಯಂಶವಿರುತ್ತದೆ. ಹುಳಿ ಮತ್ತು ಬಿಸಿ ಕೂಡಿದಾಗ ಹಾಲಿನ ಕೇಸಿನ್ ಗಡ್ಡೆ ಕಟ್ಟುತ್ತದೆ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಎರಡೂ ತಣ್ಣಗಾದ ಮೇಲೆ ಬೆರೆಸಿ. ಇನ್ನೊಂದು ದಾರಿ ಗೋವಾದ ಅಡುಗೆಮನೆಯಲ್ಲೇ ಇದೆ. ಇಲ್ಲಿನ ಮಣಗಣೆ ಎಂಬ ಪಾಯಸದಲ್ಲಿ ಬೆಲ್ಲ ಮತ್ತು ಕಾಯಿಹಾಲು ಜೊತೆಯಾಗಿಯೇ ಬೇಯುತ್ತವೆ, ಏಕೆಂದರೆ ಕಾಯಿಹಾಲಿನಲ್ಲಿ ಕೇಸಿನ್ ಇಲ್ಲ. ಮೊದಲ ಗಟ್ಟಿ ಕಾಯಿಹಾಲಿಗೆ ಬೆಲ್ಲ ಸೇರಿಸಿ, ಉಕ್ಕಲು ಬಿಡದೆ ಬೆಚ್ಚಗೆ ಮಾಡಿದರೆ ಹಾಲು ಒಗ್ಗದವರಿಗೂ ಒಳ್ಳೆಯ ಕ್ರೀಮರ್ ಸಿಕ್ಕಿತು.

4. “ಈ ಕರಾವಳಿಯ ಸೆಕೆಯಲ್ಲಿ ಕೆಟ್ಟುಹೋಗುತ್ತದೆ.”

ಹೊರಗಿಟ್ಟರೆ ಖಂಡಿತ ಕೆಡುತ್ತದೆ. ಪುಡಿ ತಿಂಗಳುಗಟ್ಟಲೆ ಉಳಿಯುವುದು ಅದರಲ್ಲಿ ನೀರಿನಂಶ ತೀರ ಕಡಿಮೆ ಇರುವುದರಿಂದ. ಮನೆಯದ್ದಕ್ಕೆ ಆ ಆಯುಷ್ಯ ಬೇಡವೂ ಬೇಡ. ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, ಬೇಗ ತಣಿಸಿ ಫ್ರಿಜ್ಜಿನಲ್ಲಿಡಿ. ನಾಲ್ಕು ದಿನದಲ್ಲಿ ಮುಗಿಸಿ; ಕಾಯಿಹಾಲಿನದ್ದನ್ನು ಎರಡೇ ದಿನದಲ್ಲಿ. ಕರೆಂಟು ಹೆಚ್ಚು ಹೊತ್ತು ಹೋದರೆ ಉಳಿದದ್ದನ್ನು ಚೆಲ್ಲಿಬಿಡಿ.

5. “ಇದು ಸಕ್ಕರೆ ಸೇವನೆಯನ್ನು ಹೆಚ್ಚಿಸುತ್ತದೆ.”

ಎಲ್ಲ ಆಕ್ಷೇಪಗಳಲ್ಲಿ ತೂಕವಿರುವುದು ಇದಕ್ಕೇ. ಬೆಲ್ಲವಾದರೂ ಸಿಹಿ ಸಿಹಿಯೇ; ಮಧುಮೇಹವಿರುವವರಿಗೆ ಅದು ವಿನಾಯಿತಿ ಕೊಡುವುದಿಲ್ಲ. ಆದರೆ ಪೊಟ್ಟಣದ ಸಿಹಿಯನ್ನು ನೀವು ಕಡಿಮೆ ಮಾಡಲಾರಿರಿ, ಮನೆಯಲ್ಲಿ ಪೂರ್ತಿ ಬಿಡಬಹುದು. ಬತ್ತಿದ ಹಾಲಿಗೆ ತನ್ನದೇ ಸಿಹಿಯಿದೆ, ಏಲಕ್ಕಿಯ ಘಮಕ್ಕೆ ಸಕ್ಕರೆಯ ಹಂಗಿಲ್ಲ.

ಪಾಳಿ ಮುಗಿಸಿ ದಣಿದವರು ಪುಡಿಯ ಡಬ್ಬಿಗೆ ಕೈಚಾಚಿದರೆ ನಾನು ದೂರುವುದಿಲ್ಲ. ಮನೆಯ ಕ್ರೀಮರ್ ಆಗದ ಕೆಲಸ ಎಂಬ ಮಾತನ್ನಷ್ಟೇ ಒಪ್ಪುವುದಿಲ್ಲ. ಹಾಲು, ಕಾಯಿ, ಬೆಲ್ಲ, ಏಲಕ್ಕಿ ನಮ್ಮ ಮನೆಗಳಲ್ಲಿ ಇದ್ದೇ ಇವೆ. ಅವುಗಳಲ್ಲಿ ಯಾವುದು ಎಷ್ಟು ಎಂಬುದನ್ನು ಕುಡಿಯುವವರೇ ನಿರ್ಧರಿಸಲಿ.