ಮರಳಿ ಬರುವ ಮಾತು, ಮರೆಯಲ್ಲಿರುವ ಮನಸ್ಸು

ಹೇಳಿದ್ದನ್ನೇ ಹೇಳುವುದು ಬರವಣಿಗೆಯ ದೋಷವೆಂದು ನಾವೆಲ್ಲರೂ ಶಾಲೆಯಲ್ಲಿಯೇ ಕಲಿತಿದ್ದೇವೆ. ಪ್ರಬಂಧದಲ್ಲಿ ಒಂದೇ ಪದ ನಾಲ್ಕು ಸಲ ಬಂದರೆ ಗುರುಗಳು ಅದರ ಕೆಳಗೆ ಕೆಂಪು ಗೆರೆ ಎಳೆಯುವುದುಂಟು. ನಮ್ಮ ಪ್ರಾಚೀನ ಆಲಂಕಾರಿಕರೂ ಪುನರುಕ್ತಿಯನ್ನು ಕಾವ್ಯದೋಷಗಳ ಸಾಲಿನಲ್ಲಿಯೇ ಇರಿಸಿದ್ದಾರೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಭಯ, ಶೋಕ, ಅಸೂಯೆ, ಹರ್ಷ, ವಿಸ್ಮಯಗಳಿಗೆ ಒಳಗಾದವನು ಆಡಿದ ಮಾತನ್ನೇ ಆಡಿದರೆ ಅದನ್ನು ದೋಷವೆನ್ನಬಾರದೆಂದು ಭಾಮಹನು ವಿನಾಯಿತಿ ಕೊಟ್ಟನು. ಅನುಕಂಪವೇ ಮೊದಲಾದ ಭಾವಗಳ ಅತಿಶಯವನ್ನು ಹೇಳಬೇಕಾದಲ್ಲಿ ಪುನರುಕ್ತಿಯು ಅಲಂಕಾರವೇ ಆಗುತ್ತದೆಂದು ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಸಾರಿದನು.

ಈ ಹಳೆಯ ಸೂತ್ರವು ಇಂದಿನ ಕಥೆ ಕಾದಂಬರಿಗಳನ್ನು ಓದುವಾಗಲೂ ನಮಗೆ ದಾರಿ ತೋರಬಲ್ಲದು. ವಿಶೇಷವಾಗಿ, ‘ನಾನು’ ಎಂದು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ನಿರೂಪಕನಿರುವ ಕೃತಿಗಳಲ್ಲಿ. ಅಂಥ ನಿರೂಪಕನು ತನಗೆ ಬೇಕಾದಷ್ಟನ್ನೇ ಹೇಳುತ್ತಾನೆ. ದುಃಖವಾಯಿತೆಂದು ಆತ ಒಪ್ಪಿಕೊಳ್ಳದಿರಬಹುದು, ಪ್ರೀತಿಸಿದೆನೆಂದು ಬಾಯಿಬಿಡದಿರಬಹುದು. ಆದರೆ ಒಂದು ಮಾತು ಅವನ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ, ಅದರ ಮರೆಯಲ್ಲಿ ಅವನ ಮನಸ್ಸು ಅಡಗಿ ಕುಳಿತಿದೆಯೆಂದು ತಿಳಿಯಬೇಕು.

ಜಪಾನಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ, 2017ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಜುವೊ ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ (1989) ಇದಕ್ಕೊಂದು ಶ್ರೇಷ್ಠ ನಿದರ್ಶನ. ಇದರ ನಿರೂಪಕ ಸ್ಟೀವನ್ಸ್, ಡಾರ್ಲಿಂಗ್ಟನ್ ಹಾಲ್ ಎಂಬ ಶ್ರೀಮಂತ ಬಂಗಲೆಯ ಬಟ್ಲರ್. ‘ಘನತೆ’ ಎಂಬುದು ಆತನ ಮಂತ್ರ. ಉತ್ತಮ ಬಟ್ಲರನ ಲಕ್ಷಣವೇನೆಂದು ವಿವೇಚಿಸುತ್ತಾ ಆತ ಆ ಪದಕ್ಕೇ ಮರಳಿ ಬರುತ್ತಾನೆ. ತನ್ನ ತಂದೆ ಹೇಳುತ್ತಿದ್ದ ಕಥೆಯೊಂದನ್ನು ನೆನೆಯುತ್ತಾನೆ: ಭಾರತದಲ್ಲಿದ್ದ ಒಬ್ಬ ಬಟ್ಲರ್ ಊಟದ ಮೇಜಿನ ಕೆಳಗೆ ಹುಲಿ ಮಲಗಿದ್ದನ್ನು ಕಂಡನಂತೆ, ಒಡೆಯನ ಕಿವಿಯಲ್ಲಿ ಮೆಲ್ಲನೆ ಹೇಳಿ, ಅನುಮತಿ ಪಡೆದು ಅದನ್ನು ಕೊಂದನಂತೆ, ಅನಂತರ ಎಂದಿನ ಹೊತ್ತಿಗೇ ಊಟ ಸಿದ್ಧವಾಗುವುದೆಂದು ತಿಳಿಸಿದನಂತೆ. ಓದುಗರಿಗೆ ನಗು ಬರುತ್ತದೆ.

ಆದರೆ 1923ರ ಒಂದು ರಾತ್ರಿಯ ಪ್ರಸಂಗ ಬಂದಾಗ ಆ ನಗು ನಿಲ್ಲುತ್ತದೆ. ಬಂಗಲೆಯಲ್ಲಿ ಗಣ್ಯರ ಸಮಾವೇಶ. ಮಹಡಿಯ ಕೋಣೆಯಲ್ಲಿ ಸ್ಟೀವನ್ಸನ ತಂದೆಯ ಮರಣ. ಆತ ಕೆಳಗೆ ಅತಿಥಿಗಳಿಗೆ ಪಾನೀಯ ನೀಡುತ್ತಲೇ ಇರುತ್ತಾನೆ. ಅಳುತ್ತಿರುವೆಯಾ ಎಂದು ಒಡೆಯರೇ ವಿಚಾರಿಸುತ್ತಾರೆ. ತಾನು ಅತ್ತೆನೆಂದು ಸ್ಟೀವನ್ಸ್ ನಮಗೆಂದೂ ಹೇಳುವುದಿಲ್ಲ. ಇತರರ ಪ್ರಶ್ನೆಯಿಂದ ನಾವೇ ಅರಿಯಬೇಕು. ಆ ರಾತ್ರಿಯನ್ನು ಆತ ತನ್ನ ಘನತೆಯ ಗೆಲುವೆಂದೇ ಎಣಿಸುತ್ತಾನೆ. ‘ಘನತೆ’ ಎಂಬುದು ನೋವಿನ ಸುತ್ತ ಆತ ಹಾಕಿಕೊಂಡ ಬೇಲಿಯೆಂದು ನಮಗೆ ಆಗ ಹೊಳೆಯುತ್ತದೆ.

ಇನ್ನೊಂದು ಪುನರುಕ್ತಿಯೂ ಇಲ್ಲಿದೆ. 1956ರಲ್ಲಿ ಆತ ಕಾರಿನಲ್ಲಿ ಪ್ರವಾಸ ಹೊರಟು, ಹಿಂದೆ ಅದೇ ಬಂಗಲೆಯಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮಿಸ್ ಕೆಂಟನ್‌ಳನ್ನು ಕಾಣಲು ಹೋಗುತ್ತಾನೆ. ಕೆಲಸಗಾರರ ಕೊರತೆ ನೀಗಿಸುವುದಕ್ಕಾಗಿಯೇ ಈ ಭೇಟಿ ಎಂಬುದು ಆತನ ಸಮಜಾಯಿಷಿ. ದಾರಿಯುದ್ದಕ್ಕೂ ಆಕೆಯ ಪತ್ರದ ಮಾತೆತ್ತುತ್ತಾನೆ. ಮರಳಿ ಬರುವ ಆಸೆ ಅದರಲ್ಲಿ ಸ್ಪಷ್ಟವಾಗಿದೆಯೆಂದು ಮೊದಲು ನಂಬಿದವನು, ಬರಬರುತ್ತಾ ತಾನು ಇಲ್ಲದ ಅರ್ಥವನ್ನು ಓದಿಕೊಂಡಿರಬಹುದೇ ಎಂದು ಅಳುಕುತ್ತಾನೆ. ಪತ್ರ ಅದೇ, ಓದುವ ಮನಸ್ಸು ಮಾತ್ರ ಕುಸಿಯುತ್ತಿದೆ. ಕೊನೆಗೆ ಕಡಲ ತೀರದ ಒಂದು ಸಂಜೆ, ಅಪರಿಚಿತನೊಬ್ಬನ ಮುಂದೆ, ತಾನು ಇಡೀ ಬಾಳನ್ನು ಒಡೆಯನ ವಿವೇಕಕ್ಕೆ ಒಪ್ಪಿಸಿಬಿಟ್ಟೆನೆಂದು ಕಣ್ಣೀರಿಡುತ್ತಾನೆ. ಆಗ ‘ಘನತೆ’ ಮತ್ತೆ ಅವನ ಬಾಯಿಗೆ ಬರುತ್ತದೆ. ಈ ಬಾರಿ ಪ್ರಶ್ನೆಯಾಗಿ. ಕೃತಿಯ ದುರಂತವೆಲ್ಲ ಆ ಒಂದು ಪದದ ತಿರುವಿನಲ್ಲಿದೆ.

ಇಂಗ್ಲೆಂಡಿನ ಈ ಬಂಗಲೆಯಿಂದ ನಮ್ಮ ಬೆಂಗಳೂರಿನ ಒಂದು ಮನೆಗೆ ಬರೋಣ. ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ (2013) ಕಿರುಕಾದಂಬರಿಯ ನಿರೂಪಕನಿಗೆ ಹೆಸರೇ ಇಲ್ಲ. ಬಡತನದಲ್ಲಿದ್ದ ಕುಟುಂಬ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಸಿರಿವಂತವಾಗಿದೆ. ಶೀರ್ಷಿಕೆಯ ಮಾತು ಯಾವ ನಿಘಂಟಿನಲ್ಲಿಯೂ ಇಲ್ಲ. ನಿರೂಪಕನ ಹೆಂಡತಿ ಅನಿತಾ ಮತ್ತು ಆಕೆಯ ತಮ್ಮ ಬಾಲ್ಯದಲ್ಲಿ, ಗಾಳಿಪಟದ ದಾರ ಬಿಡಿಸಲಾಗದಂತೆ ಸಿಕ್ಕಾದಾಗ ಕಟ್ಟಿಕೊಂಡ ಮಾತದು. ಅವಳ ತವರಿನವರಿಗೆ ಮಾತ್ರ ತಿಳಿದಿದ್ದ ಆ ಮಾತನ್ನು ಮದುವೆಯ ಹೊಸತರಲ್ಲಿ ಅವಳು ಗಂಡನಿಗೂ ಹೇಳಿಕೊಡುತ್ತಾಳೆ. ಮೊದಲಿಗೆ ಅದು ಸಲಿಗೆಯ, ನಗುವಿನ ಮಾತು.

ಮುಂದೆ ಮನೆಯೇ ಸಿಕ್ಕಾಗುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಮನೆಯವರು ಅವಮಾನಿಸಿ ಅಟ್ಟಿದಾಗ ಅನಿತಾ ಪ್ರತಿಭಟಿಸುತ್ತಾಳೆ, ನಿರೂಪಕ ಸುಮ್ಮನಿರುತ್ತಾನೆ. ಕೊನೆಯಲ್ಲಿ, ಊರಿಗೆ ಹೋದ ಅನಿತಾಳ ಸುದ್ದಿಯಿಲ್ಲದಿರುವಾಗ, ಕಾಫಿ ಹೌಸಿನಲ್ಲಿ ಒಂಟಿಯಾಗಿ ಕುಳಿತ ಅವನ ಎದೆಯಲ್ಲಿ ಹೇಳಲಾರದ ಅಂಜಿಕೆಯೊಂದು ಮೂಡಿದೆ. ತನ್ನವರ ಮೇಲೆ ಸಂಶಯವಿದೆಯೆಂದು ಆತ ಬಾಯಿಬಿಟ್ಟು ಹೇಳಲಾರ. ಆದರೆ ಆ ಹಳೆಯ ನಗುವಿನ ಮಾತು ತಾನಾಗಿಯೇ ಅವನಲ್ಲಿ ನುಗ್ಗಿ ಬರುತ್ತದೆ. ಅಕ್ಷರಗಳು ಅವೇ ಆದರೂ ಈಗ ಅವುಗಳಲ್ಲಿ ತುಂಬಿರುವುದು ಭಯ ಮತ್ತು ಪಾಪಪ್ರಜ್ಞೆ.

ಸ್ಟೀವನ್ಸನಿಗೆ ಅವನ ಮಾತು ಮುಚ್ಚಿದ ಬಾಗಿಲಾದರೆ, ಈತನಿಗೆ ಅದು ತಾನಾಗಿ ತೆರೆದುಕೊಂಡ ಕಿಂಡಿ. ಆದರೂ ಎರಡರಲ್ಲಿಯೂ ನಾವು ಕಾಣುವ ಸತ್ಯ ಒಂದೇ: ಮಾತು ಬದಲಾಗುವುದಿಲ್ಲ, ಸಂದರ್ಭ ಬದಲಾಗುತ್ತದೆ, ಈ ಅಂತರದಲ್ಲಿಯೇ ಭಾವ ಗೋಚರಿಸುತ್ತದೆ. ಎಲ್ಲ ಪುನರಾವರ್ತನೆಗೂ ಇಂಥ ಆಳವಿರುತ್ತದೆಂದಲ್ಲ. ಲೇಖಕರ ಅಜಾಗರೂಕತೆಯಿಂದ ಬಂದದ್ದೂ ಇರಬಹುದು. ಪರೀಕ್ಷೆ ಸುಲಭ: ಎರಡನೆಯ ಸಲ ಬಂದ ಮಾತನ್ನು ಅಳಿಸಿ ನೋಡಬೇಕು. ಏನೂ ಕಳೆಯದಿದ್ದರೆ ಅದು ದೋಷ. ಪಾತ್ರದ ಎದೆಬಡಿತವೇ ನಿಂತಂತಾದರೆ ಅದು ದಂಡಿ ಹೇಳಿದ ಅಲಂಕಾರ.

ಕಥೆ ಓದಿ ಕಲಿತ ಈ ಕಿವಿ ಮನೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆ. ‘ನನಗೇನೂ ಬೇಡ, ನೀವೆಲ್ಲ ಚೆನ್ನಾಗಿದ್ದರೆ ಸಾಕು’ ಎಂದು ತಾಯಿ ಒಮ್ಮೆ ಹೇಳಿದರೆ ಅದು ಹಾರೈಕೆ. ದಿನಕ್ಕೆ ಮೂರು ಬಾರಿ ಹೇಳತೊಡಗಿದರೆ ಆಕೆಗೆ ಏನೋ ಬೇಕಾಗಿದೆ. ‘ಪರೀಕ್ಷೆ ಸುಲಭವಾಗಿತ್ತು’ ಎಂದು ಮಗ ಕೇಳದಿದ್ದರೂ ಹೇಳುತ್ತಿದ್ದರೆ ಅವನ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕುಳಿತುಕೊಳ್ಳುವುದು ಒಳ್ಳೆಯದು. ‘ಇದನ್ನು ಆಗಲೇ ಹೇಳಿದೆಯಲ್ಲ’ ಎಂದು ಗದರಿಸುವುದು ಸುಲಭ. ಮತ್ತೆ ಏಕೆ ಹೇಳುತ್ತಿದ್ದಾರೆಂದು ವಿಚಾರಿಸುವುದಕ್ಕೆ ತಾಳ್ಮೆ ಬೇಕು. ಸ್ಟೀವನ್ಸನನ್ನು ಹಾಗೆ ವಿಚಾರಿಸುವವರು ದೊರೆತದ್ದು ಕಡಲ ತೀರದಲ್ಲಿ. ಅಷ್ಟರಲ್ಲಿ ಅವನ ಆಯುಷ್ಯದ ಬಹುಭಾಗ ಕಳೆದುಹೋಗಿತ್ತು.