ವಾಹನ ನಿಲ್ಲಿಸುವ ಜಾಗವೂ ಊರಿನ ಟಿ.ಸಿ.ಯೂ



ಹಕ್ಕಿಗಳ ಊರೆಂದು ಹೆಸರಾದ ಕೊಕ್ಕರೆ ಬೆಳ್ಳೂರಿನ ವಿಚಾರ ನಮ್ಮ ಪತ್ರಿಕೆಯಲ್ಲೇಕೆ ಎಂದು ತಾವು ಕೇಳಬಹುದು. ಮದ್ದೂರು ತಾಲ್ಲೂಕಿನ ಆ ಊರಿಗೂ, ಹಾಸನ ಮತ್ತು ಕೊಡಗಿನ ತೋಟಗಳಿಗೂ ವಿದ್ಯುತ್ ಪೂರೈಸುವುದು ಒಂದೇ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಅಲ್ಲಿಗೆ ಒದಗುವ ಪ್ರಶ್ನೆ ನಾಳೆ ನಮ್ಮ ಸಂಘದ ಅಂಗಳಕ್ಕೂ ಬರುತ್ತದೆ. ನಿಲ್ಲಿಸಿದ ವಿದ್ಯುತ್ ವಾಹನಕ್ಕೆ ಕರೆಂಟು ಯಾರ ಪಾಲಿನಿಂದ ಹೋಗಬೇಕು? ಅದಕ್ಕೆ ನಿಯಮ ಮಾಡುವವರು ಯಾರು?

ಮೇಲಿನವರು ಮಾಡಿದ ನಿಯಮಗಳು ಇಲ್ಲವೆಂದಲ್ಲ. ವಿದ್ಯುತ್ ವಾಹನಗಳಿಗಾಗಿ 2017ರಲ್ಲೇ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಚಾರ್ಜಿಂಗ್ ಕೇಂದ್ರ ನಡೆಸಲು ಲೈಸೆನ್ಸ್ ಬೇಡವೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿತು. 2019ರಲ್ಲಿ ತಿದ್ದಿದ ಕಟ್ಟಡಗಳ ಮಾದರಿ ಉಪವಿಧಿಗಳು, ವಾಹನ ನಿಲ್ಲಿಸುವ ಜಾಗದಲ್ಲಿ ನೂರಕ್ಕೆ 20 ಪಾಲನ್ನು ಚಾರ್ಜಿಂಗಿಗೆ ಸಜ್ಜುಗೊಳಿಸಬೇಕೆಂದು ಸೂಚಿಸಿದವು. ಆದರೆ ಇವೆಲ್ಲ ಪಟ್ಟಣದ ಕಟ್ಟಡಗಳನ್ನು ಕಣ್ಮುಂದಿಟ್ಟುಕೊಂಡು ಬರೆದವು. ಹುಣಸೆ ಮರದಡಿ ಕಾರು ನಿಲ್ಲುವ ಹಳ್ಳಿಯ ಬಯಲು ಅವುಗಳ ಕಣ್ಣಿಗೆ ಬಿದ್ದಂತೆ ಕಾಣುವುದಿಲ್ಲ.

ಲೆಕ್ಕವನ್ನು ನೋಡೋಣ. 60 ಕಿಲೋವಾಟಿನ ಒಂದು ವೇಗದ ಚಾರ್ಜರ್ ಎಳೆಯುವ ವಿದ್ಯುತ್ತು 10 ಅಶ್ವಶಕ್ತಿಯ ಎಂಟು ಪಂಪುಗಳಿಗೆ ಸರಿಸಮ. 63 ಕೆ.ವಿ.ಎ. ಟಿ.ಸಿ.ಯೊಂದನ್ನು ಅದೊಂದೇ ನುಂಗಿಬಿಡುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಲೈನು ಬೇರೆಯಾಗಿದೆ, ರೈತನಿಗೆ ತೊಂದರೆಯಿಲ್ಲ ಎನ್ನುವವರಿದ್ದಾರೆ. ಆದರೆ ಊರೊಳಗಿನ ಟಿ.ಸಿ.ಯಿಂದಲೇ ಮನೆಯ ದೀಪ, ಹಿಟ್ಟಿನ ಗಿರಣಿ, ಕುಡಿಯುವ ನೀರಿನ ಮೋಟಾರು ನಡೆಯಬೇಕು. ನಮ್ಮ ಕಡೆಯಾದರೆ ಕಾಫಿಯ ಪಲ್ಪರ್, ಅಡಿಕೆ ಸುಲಿಯುವ ಯಂತ್ರ. ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿ ನೋಡುಗರು ಬರುವ ಚಳಿಗಾಲವೇ ನಮ್ಮಲ್ಲಿ ಕೊಯ್ಲಿನ ಕಾಲವೂ ಹೌದು. ಟಿ.ಸಿ. ಸುಟ್ಟರೆ ಕಾರಿನವರು ಮುಂದಿನ ಊರಿಗೆ ಹೋಗುತ್ತಾರೆ. ಕತ್ತಲೆಯಲ್ಲಿ ಕೂರುವವರು ಊರಿನವರು.

ಹಾಗೆಂದು ಚಾರ್ಜಿಂಗೇ ಬೇಡವೆನ್ನುವುದು ಜಾಣತನವಲ್ಲ. 15 ಆಂಪಿಯರಿನ ಸಾಮಾನ್ಯ ಸಾಕೆಟ್ಟು ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ. ಎರಡು ಗಂಟೆ ಹಕ್ಕಿ ನೋಡುವಷ್ಟರಲ್ಲಿ ಕಾರಿಗೆ ಸುಮಾರು 40 ಕಿಲೋಮೀಟರ್ ಓಡುವಷ್ಟು ಶಕ್ತಿ ತುಂಬಿರುತ್ತದೆ. ಹೆದ್ದಾರಿ ಸೇರಲು ಅದು ಧಾರಾಳ. ವೇಗದ ಯಂತ್ರದ ಜಾಗ ಹೆದ್ದಾರಿಯೇ ಹೊರತು ಹಳ್ಳಿಯ ಓಣಿಯಲ್ಲ. ಊರಿನ ಸ್ಕೂಟರಿಗೂ ಸರಕಿನ ಆಟೋಗೂ ನಿಧಾನದ ಸಾಕೆಟ್ಟೇ ಸಾಕು.

ಆದ್ದರಿಂದ ಊರಿನ ಪಂಚಾಯಿತಿಯೇ ಮೊದಲು ಕೂತು ನಾಲ್ಕು ಮಾತು ಬರೆದಿಡಬೇಕೆಂಬುದು ನನ್ನ ಅಭಿಪ್ರಾಯ. ಒಂದು, ಊರಿನ ಟಿ.ಸಿ.ಯ ಮೇಲೆ ನಿಧಾನದ ಸಾಕೆಟ್ಟುಗಳಿಗೆ ಮಾತ್ರ ಅವಕಾಶ. ದೊಡ್ಡ ಯಂತ್ರ ಬೇಕೆನ್ನುವವರು ತಮ್ಮ ಖರ್ಚಿನಲ್ಲಿ ಬೇರೆ ಟಿ.ಸಿ. ಹಾಕಿಸಿಕೊಳ್ಳತಕ್ಕದ್ದು. ಎರಡು, ಸಂಜೆ ಮನೆಗಳಿಗೆ ಕರೆಂಟು ಹೆಚ್ಚು ಬೇಕಾಗುವ ಹೊತ್ತಿನಲ್ಲಿ ಚಾರ್ಜಿಂಗ್ ನಿಲ್ಲಿಸತಕ್ಕದ್ದು. ಮೂರು, ಚಾರ್ಜು ಮುಗಿದ ವಾಹನ ಜಾಗ ಬಿಟ್ಟುಕೊಡತಕ್ಕದ್ದು. ನಾಲ್ಕು, ಗೂಡಿರುವ ಮರಗಳ ಬಳಿ ಹೊಸ ತಂತಿ ಎಳೆಯಕೂಡದು. ಈ ಕಡೆಯ ಮಾತಿಗೆ ಬೆಳ್ಳೂರಿನಲ್ಲಿ ಬಲವಿದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯ ಪ್ರತಿನಿಧಿಗಳಿರಬೇಕೆಂದು ಕಾನೂನೇ ಹೇಳುತ್ತದೆ.

ಲಾಭದ ಮಾತೂ ಇದೆ. ಸರ್ಕಾರಿ ಸಂಸ್ಥೆಯ ಜಾಗದಲ್ಲಿ ಚಾರ್ಜಿಂಗ್ ಕೇಂದ್ರ ನಡೆದರೆ ಜಾಗದ ಒಡೆತನದವರಿಗೆ ಯೂನಿಟ್ಟಿಗೆ 1 ರೂಪಾಯಿ ಸಲ್ಲಬೇಕೆಂದು 2022ರ ಕೇಂದ್ರದ ಮಾರ್ಗಸೂಚಿ ಹೇಳಿತು. ಸಣ್ಣ ಮೊತ್ತವಾದರೂ ನ್ಯಾಯದ ಮೊತ್ತ. ಹಕ್ಕಿಗಾಗಿ ಹುಣಸೆಯ ಫಸಲು ಬಿಟ್ಟುಕೊಟ್ಟ ಬೆಳ್ಳೂರಿನ ಮರದೊಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟದ್ದೂ ಇದೇ ನ್ಯಾಯದಿಂದ. ಹೊರೆ ಹೊತ್ತವನಿಗೆ ಪಾಲು ಸಿಗಬೇಕು.

ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪವಾಯಿತು. ಸುತ್ತಲಿನ ಹಳ್ಳಿಗಳ ಸರದಿ ಬಂದದ್ದು ಎಷ್ಟೋ ಕಾಲದ ಮೇಲೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಮತ್ತೆ ನಿಜವಾಗಬಾರದು.

ನಮ್ಮ ಸಂಘದ ಅಂಗಳದಲ್ಲೂ ಒಂದು ದಿನ ಸಾಕೆಟ್ಟು ಬರುವುದು ಖಂಡಿತ. ಕಂಪನಿಯವರು ಕರಾರುಪತ್ರ ಹಿಡಿದು ಬರುವ ಮೊದಲೇ ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಸದಸ್ಯರಲ್ಲಿ ನನ್ನ ಬಿನ್ನಹ.