ಅಶ್ವಶಕ್ತಿಯ ಲೆಕ್ಕದಲ್ಲಿ ಬಿಟ್ಟುಹೋದ ಶಾಖ

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ 1584 ಸಿಸಿ ಎಂಜಿನ್ನಿಗೆ ದೊಡ್ಡ ಸಿಲಿಂಡರು, ಪಿಸ್ಟನ್ನುಗಳನ್ನು ಕೂರಿಸಿ, ಫ್ಯಾನು ಕಬಳಿಸುವ ಶಕ್ತಿಯನ್ನು ಉಳಿಸಲು ಚಿಕ್ಕ ಪುಲ್ಲಿಯನ್ನು ಹಾಕಿದರೆ ಸಾಕೆಂಬ, ಪ್ರಕಟಿತ ಲೇಖನವೊಂದರ ಅಭಿಪ್ರಾಯವು ಆ ಎಂಜಿನ್ನಿನ ಮೂಲ ಸ್ವಭಾವವನ್ನೇ ಕಡೆಗಣಿಸಿದೆ. ಪೆಟ್ರೋಲಿನ ಶಾಖದಲ್ಲಿ ಚಕ್ರಕ್ಕೆ ದಕ್ಕುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಹೊಗೆಯೊಡನೆ ಹೋಗದೆ ಉಳಿದ ಶಾಖವನ್ನು, ನೀರಿನ ಆಸರೆಯಿಲ್ಲದ ಇಲ್ಲಿ, ಸಿಲಿಂಡರಿನ ರೆಕ್ಕೆಗಳು, ಅಂದರೆ ಗಾಳಿಗೆ ಹೆಚ್ಚು ಮೈಯೊಡ್ಡಲೆಂದು ಎರಕ ಹೊಯ್ದ ತೆಳು ಪಟ್ಟಿಗಳು, ಮತ್ತು ಆಯಿಲ್ ಹೊರಸಾಗಿಸಬೇಕು. ಕ್ರ್ಯಾಂಕ್‌ಶಾಫ್ಟಿನ ಚಿಕ್ಕ ಪುಲ್ಲಿಯಾದರೋ ಫ್ಯಾನಿನ ವೇಗವನ್ನೇ ತಗ್ಗಿಸುವುದರಿಂದ, ಶಾಖ ಹೆಚ್ಚಿದ ಹೊತ್ತಿಗೇ ಗಾಳಿ ಕಡಿಮೆಯಾಗುತ್ತದೆ. ಇದನ್ನು ಸುಧಾರಣೆಯೆಂದು ಕರೆಯುವುದು ಓದುಗರಿಗೆ ಮಾಡುವ ಅನ್ಯಾಯ.

ಕ್ರ್ಯಾಂಕ್‌ಕೇಸನ್ನು ಕೊರೆಯದೆ ಕೂರಿಸಬಹುದಾದ 88 ಮಿ.ಮೀ. ಸಿಲಿಂಡರುಗಳ ಹೊಗಳಿಕೆಯೂ ಅಷ್ಟೇ ಅಪಾಯಕಾರಿ. ಮೂಲದ 85.5 ಮಿ.ಮೀ. ವ್ಯಾಸವನ್ನು ಅದೇ ರಂಧ್ರದ ಮಿತಿಯೊಳಗೆ ಹಿಗ್ಗಿಸಿದಾಗ ತೆಳುವಾಗುವುದು ಗೋಡೆ. ಅದು ಕಾವಿಗೆ ದುಂಡು ಆಕಾರವನ್ನು ಕಳೆದುಕೊಂಡರೆ ಪಿಸ್ಟನ್ ರಿಂಗುಗಳ ಬಿಗಿ ಸಡಿಲವಾಗಿ, ಉರಿಯುವ ಅನಿಲ ಕೆಳಗಿನ ಆಯಿಲಿನತ್ತ ನುಗ್ಗುತ್ತದೆ.

ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರು ಗಾಳಿಯ ದಾರಿಗೆ ಅಡ್ಡ ನಿಂತು ಮೂರನೆಯ ಸಿಲಿಂಡರನ್ನು ಅತಿಯಾಗಿ ಕಾಯಿಸುತ್ತಿತ್ತು. ಆದ್ದರಿಂದಲೇ 1971ರ ಮಾದರಿಯಿಂದ ತಯಾರಕರು ಕೂಲರನ್ನು ಪಕ್ಕಕ್ಕೆ ಸರಿಸಿ, ಅದಕ್ಕೆ ಪ್ರತ್ಯೇಕ ಗಾಳಿಮಾರ್ಗ ಕೊಟ್ಟರು. ಕಾರ್ಖಾನೆಯೇ ತಿದ್ದಿಕೊಂಡ ಈ ದೌರ್ಬಲ್ಯದ ಪ್ರಸ್ತಾಪವೇ ಆ ಲೇಖನದಲ್ಲಿಲ್ಲ. ಶಕ್ತಿ ಬೇಕೆನ್ನುವವರು ಕೇಸನ್ನೂ ಹೆಡ್ಡನ್ನೂ ಕೊರೆಸಿ, ದಪ್ಪ ಗೋಡೆಯ 90.5 ಮಿ.ಮೀ. ಸಿಲಿಂಡರುಗಳನ್ನು ಕೂರಿಸಿ, ಮೂಲ ಅಳತೆಯ ಪುಲ್ಲಿಯನ್ನೂ ಗಾಳಿಯನ್ನು ರೆಕ್ಕೆಗಳತ್ತ ತಿರುಗಿಸುವ ತಗಡಿನ ಹೊದಿಕೆಗಳನ್ನೂ ಒಂದೂ ಬಿಡದೆ ಉಳಿಸಿಕೊಳ್ಳಬೇಕು.